ನೂರಿಪ್ಪತ್ತೊಂದು

ಏಳೂವರೆಗೆ ಜೀಪು ಬಂತು ನೆಕ್ಕರೆಪದವಿಗೆ.
ಇಳಿದದ್ದು ಚೆರುವತ್ತೂರಿನ ರಜೀಶ ಸಾರು
ಮತ್ತು ಮೂರು ಕಾಲಿನ ಅವರ ಯಂತ್ರ.
ನನಗೊಂದು ಕೋಲು ಕೊಟ್ಟರು,
ಎಳೆದರೆ ನಾಲ್ಕು ಮೀಟರು, ಒಳಗೆ ತಳ್ಳಿದರೆ ಕೊಡೆಯಷ್ಟು,
ಮೈತುಂಬ ಕಪ್ಪು ಕೆಂಪು ಅಂಕೆ.
ದಿನಕ್ಕೆ ಆರುನೂರು, ಚಾ ಅವರದೇ.

"ನೆಟ್ಟಗೆ ನಿಲ್ಲು, ಬಾಗೀ" ಎಂದರು.
ಭಾಗೀರಥಿ ಎಂದು ಕರೆಯಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.
ತಮಾಷೆ ಅವರಿಗೆ ಹತ್ತಲಿಲ್ಲ, ಅವರದು ಮಲಯಾಳ.
ನಾನೊಬ್ಬಳೇ ನಕ್ಕೆ. ಕೋಲು ಅಲ್ಲಾಡಿತು.
ಮತ್ತೆ ಮೊದಲಿನಿಂದ.

ಹತ್ತು ಗಂಟೆಗೆ ಬಾನೆಟ್ಟಿನ ಮೇಲೆ ಹಾಳೆ ಬಿಡಿಸಿದರು.
ಕಂದು ಗೆರೆಗಳು, ಒಂದರೊಳಗೊಂದು,
ಹಲಸಿನ ಮರ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ.
"ಇದು ಎಂಬತ್ತು, ಇದು ನೂರು.
ಒಂದೇ ಗೆರೆ ಹಿಡಿದು ನಡೆದರೆ ಏರೂ ಇಲ್ಲ, ಇಳಿತವೂ ಇಲ್ಲ."
ಹಾಗೆ ನಡೆಯುವುದು ದನಗಳು ಮಾತ್ರ ಸಾರ್, ಎಂದೆ.
ನಾವು ಕೊಡಪಾನ ಹೊತ್ತವರು, ಗೆರೆ ಕಡಿದೇ ಹೋಗಬೇಕು.

ಆಮೇಲೆ ಜಾಗದ ಹೆಸರು ಕೇಳಿದರು. ಹೇಳಿದೆ:
ಐತಪ್ಪಣ್ಣನ ಮನೆ ಇರುವುದು ಬೆಟ್ಟು,
ಅದರ ಕೆಳಗೆ ಮಜಲು, ಮಜಲಿನ ಕೆಳಗೆ ಬೈಲು.
ಬೆಟ್ಟಿನಲ್ಲಿ ಒಂದು ಬೆಳೆ, ಮಜಲಲ್ಲಿ ಎರಡು, ಬೈಲಿನಲ್ಲಿ ಮೂರು.
ಬೆಳೆಯುವವರು ಇದ್ದ ಕಾಲದ ಲೆಕ್ಕ.
ಹೆಸರು ಕೇಳಿದರೆ ಸಾಕಿತ್ತು ನನ್ನ ಅಜ್ಜಿಗೆ,
ನೀರಿಗೆ ಎಷ್ಟು ಮೆಟ್ಟಿಲು, ಗಂಜಿ ಎಷ್ಟು ತೆಳು,
ಅಲ್ಲಿಗೆ ಹೆಣ್ಣು ಕೊಡಬಹುದೋ ಬಾರದೋ.
ಇದೂ ನಿಮ್ಮ ಗೆರೆಯೇ ಅಲ್ವಾ ಸಾರ್?

ಪೆನ್ನು ಎತ್ತಿ ನನ್ನನ್ನು ನೋಡಿದರು.
ಬರೆದುಕೊಂಡು ಓದಿ ಹೇಳಿದರು.
ಬೆಟ್ಟು ಅವರ ಬಾಯಲ್ಲಿ ವೆಟ್ಟು.
ವೆಟ್ಟು ಎಂದರೆ ಅವರಲ್ಲಿ ಕಡಿತ.
ತಿದ್ದೋಣವೆಂದುಕೊಂಡೆ. ಆಮೇಲೆ ಬಿಟ್ಟೆ,
ಅದೂ ಸುಳ್ಳಲ್ಲ.

ಮಧ್ಯಾಹ್ನ ನೆತ್ತಿಗೆ ಹೋದೆವು.
ನೆತ್ತಿ ಎಂದರೆ ಈಗ ಗುಂಡಿ, ಅಂದುಂಞಿಯವರ ಕಲ್ಲಿನ ಕೋರೆ.
ಚೌಕ ಚೌಕ ಇಳಿದ ಗೋಡೆ, ಮೂಲೆಯಲ್ಲಿ ಹಸಿರು ನೀರು,
ಅದರಲ್ಲಿ ತೇಲುವ ಒಂದೇ ಒಂದು ಚಪ್ಪಲಿ.
ಹಳೇ ಹಾಳೆಯಲ್ಲಿ ಇಲ್ಲಿಗೆ ನೂರಿಪ್ಪತ್ತೊಂದು.
ಯಂತ್ರ ಹೇಳಿದ್ದು ನೂರ ಹನ್ನೆರಡು.
ಗಾಜು ಒರೆಸಿದರು. ಗುಳ್ಳೆ ಸರಿ ಮಾಡಿದರು. ನನ್ನನ್ನು ಗದರಿದರು.
ನೂರ ಹನ್ನೆರಡು.
"ಒಂಬತ್ತು ಮೀಟರು ಎಲ್ಲಿ ಹೋಯಿತು?"

ನನಗೆ ಗೊತ್ತು ಎಲ್ಲಿ ಹೋಯಿತೆಂದು.
ಹನ್ನೊಂದು ವರ್ಷ, ಸಿಂಬಿ ಇಟ್ಟ ಈ ತಲೆಯ ಮೇಲೆ
ಒಂದೊಂದೇ ಕಲ್ಲಾಗಿ ಲಾರಿಗೆ ಹೋಯಿತು.
ಉಪ್ಪಳದ ಫ್ಲ್ಯಾಟಿನ ಮೂರನೇ ಮಾಳಿಗೆಯಲ್ಲಿದೆ,
ಕುಂಬಳೆಯ ಮದುವೆ ಹಾಲಿನಲ್ಲಿ, ಕೈ ತೊಳೆಯುವ ಕಡೆ,
ಬದಿಯಡ್ಕದ ಯಾವುದೋ ಶಾಲೆಯ ಕಂಪೌಂಡಿನಲ್ಲಿ.
ನಮ್ಮ ಜಾನುವಿನ ಎಡಗಾಲಿನ ಬೆರಳೂ ಅದರ ಜೊತೆ ಹೋಯಿತು.
ಆ ಗೆರೆ ಈಗ ಅಲ್ಲೆಲ್ಲ ಸುತ್ತುತ್ತದೆ, ಸಿಮೆಂಟು ಮೆತ್ತಿ
ತಿಳಿಹಳದಿ ಪೈಂಟು ಹೊಡೆದಿದ್ದಾರೆ.

ಹೇಳಲಿಲ್ಲ. ಕೋಲನ್ನು ಪೂರ್ತಿ ಎಳೆದು ನಿಲ್ಲಿಸಿದೆ.
ಸಾಲಲಿಲ್ಲ. ಅದರ ಮೇಲೆ ಇನ್ನೊಂದು ಕೋಲು ಬೇಕು,
ಅದರ ಮೇಲೆ ನನ್ನ ಸೊಂಟದಷ್ಟು.
ಅಲ್ಲಿ ಹುಲ್ಲಿತ್ತು.
ಸೋಣ ತಿಂಗಳಲ್ಲಿ ಉಗುರಿನಷ್ಟು ನೀಲಿ ಹೂ,
ಕೂತರೆ ಲಂಗಕ್ಕೆ ಒದ್ದೆ ಹತ್ತುತ್ತಿತ್ತು,
ಪಡುವಣಕ್ಕೆ ಕಡಲು, ತಗಡಿನ ಒಂದು ಪಟ್ಟಿ.
ಈಗ ಆ ಎತ್ತರದಲ್ಲಿ ಒಂದು ಹದ್ದು, ರೆಕ್ಕೆ ಆಡಿಸದೆ,
ನೂರಿಪ್ಪತ್ತೊಂದರ ಗೆರೆ ಹಿಡಿದು ಸುತ್ತುತ್ತಿತ್ತು.
"ಬಾಗೀ, ಕೋಲು ಇಳಿಸು" ಎಂದರು.

ಸಂಜೆ ರಿಜಿಸ್ಟರಿನಲ್ಲಿ ಸಹಿ ಹಾಕಿದೆ,
ಕನ್ನಡದಲ್ಲಿ, ಪೂರ್ತಿ ಭಾಗೀರಥಿ.
ಅವರದನ್ನು ಚಿತ್ರ ನೋಡುವ ಹಾಗೆ ನೋಡಿದರು.

ನನ್ನ ಮನೆ ಬೈಲಿನಲ್ಲಿ. ಅರವತ್ತೆರಡು, ಅವರೇ ಅಳೆದದ್ದು.
ಅಡುಗೆಮನೆಯ ಒಂದು ಗೋಡೆ ಮಾತ್ರ ನೆತ್ತಿಯದ್ದು:
ಮೂಲೆ ಮುರಿದ ಕಲ್ಲುಗಳು, ಲಾರಿಯವ ಬೇಡವೆಂದು ಎಸೆದದ್ದು.
ಅದಕ್ಕೆ ಗಾರೆ ಹಾಕಿಸಲಿಲ್ಲ.
ರಾತ್ರಿ ಅದಕ್ಕೆ ಬೆನ್ನು ಕೊಟ್ಟು ಕೂತೆ.
ಬೆಚ್ಚಗಿತ್ತು. ಒಲೆಯದ್ದೋ, ಪದವಿನದ್ದೋ.